ಇನ್ಶಿರಾ ಚಿಕ್ಕಮ್ಮನ ಹಾವಿನ ಗಿಡ

ಆ ಗಿಡ ಇನ್ಶಿರಾ ಚಿಕ್ಕಮ್ಮನ ಮನೆಗೆ ಬಂದದ್ದು ಹಡಗಿನಿಂದ ಹಗ್ಗದಲ್ಲಿ ಇಳಿಬಿಟ್ಟ ಬುಟ್ಟಿಯೊಳಗೆ ಕೂತು.

ಅವಳ ಗಂಡ ಮತ್ವಲ್ಲಿ ಪೋರ್ಟ್ ಸಯೀದಿನ ದೋಣಿ ವ್ಯಾಪಾರಿ. ಎರಡು ಸಮುದ್ರ ಕೂಡಿಸುವ ಕಾಲುವೆಯ ಬಾಯಲ್ಲಿ ಸರದಿ ಕಾಯುತ್ತ ನಿಂತ ಹಡಗುಗಳ ಮಗ್ಗುಲಿಗೆ ಪುಟ್ಟ ದೋಣಿ ಒಯ್ದು, ಮೇಲೆ ಕಟಕಟೆಗೆ ಒರಗಿ ನಿಂತ ನಾವಿಕರಿಗೆ ಚರ್ಮದ ಚೀಲ, ಮರದ ಒಂಟೆ, ಕೆಂಪು ಟೋಪಿ ಮಾರುವುದು ಅವನ ಕಸುಬು. ಬುಟ್ಟಿಯಲ್ಲಿ ಸಾಮಾನು ಮೇಲೆ ಹೋಗುತ್ತಿತ್ತು, ಬದಲಿಗೆ ಸಿಗರೇಟೋ ಸೋಪೋ ಕೆಳಗೆ ಬರುತ್ತಿತ್ತು. ಗ್ರೀಕಿನಲ್ಲಿ ಚೌಕಾಸಿ ಮಾಡಿ ಇಟಾಲಿಯನ್ನಿನಲ್ಲಿ ಬೈದು ಬರುವಷ್ಟು ಭಾಷೆ ಅವನಿಗೆ ಬರುತ್ತಿತ್ತು. ಒಂದು ದಿನ ಆಫ್ರಿಕಾದ ಪಡುವಣ ತೀರದಿಂದ ಬಂದ ಸರಕು ಹಡಗಿನ ಅಡುಗೆಯವನು ಒಂದು ಮರದ ಒಂಟೆ ತೆಗೆದುಕೊಂಡು, ತುಪ್ಪದ ಡಬ್ಬಿಯಲ್ಲಿ ನೆಟ್ಟ ಈ ಗಿಡವನ್ನು ಕೆಳಗಿಳಿಸಿದನಂತೆ. ಕತ್ತಿಯ ಹಾಗೆ ನೆಟ್ಟಗೆ ನಿಂತ ನಾಲ್ಕೈದು ಎಲೆ, ಮೈತುಂಬ ಹಾವಿನ ಪಟ್ಟೆ.

"ಇದನ್ನ ತಿನ್ನಬಹುದಾ?" ಅಂದಳಂತೆ ಚಿಕ್ಕಮ್ಮ.

"ಇಲ್ಲ."

"ಹೂವಾದ್ರೂ ಬಿಡತ್ತಾ?"

"ಆ ಅಡುಗೆಯವನು ಏನೋ ಅಂದ. ಬಿಡತ್ತೆ ಅಂದನೋ ಬಿಡಲ್ಲ ಅಂದನೋ. ಅವನ ಭಾಷೆ ನಂಗೆ ಬರಲ್ಲ."

"ಎಲ್ಲಾ ಭಾಷೆ ಬರತ್ತೆ ಅಂತ ಊರು ತುಂಬ ಹೇಳ್ಕೊಂಡು ತಿರುಗ್ತೀಯ. ಬೇಕಾದ ಹೊತ್ತಲ್ಲಿ ಯಾವಾಗ್ಲೂ ಬರದೇ ಇರೋ ಭಾಷೆಯವನೇ ಸಿಕ್ತಾನೆ ನಿಂಗೆ."

ಅವರದು ಮೇಲಿನ ಅಂತಸ್ತು, ನಮ್ಮದು ಕೆಳಗಿನದು. ಸಮುದ್ರದ ಕಡೆಗೆ ಮುಖ ಮಾಡಿದ ಹಳೆಯ ಮರದ ಮನೆ ಅದು. ಬೀದಿಗೆ ಚಾಚಿದ ಮರದ ಬಾಲ್ಕನಿಗಳು, ಗಾಳಿ ಬಂದರೆ ಇಡೀ ಮನೆ ಕಿರುಗುಡುತ್ತಿತ್ತು. ನಮ್ಮ ಕಡೆ ಆ ಗಿಡಕ್ಕೆ ಅತ್ತೆ ನಾಲಿಗೆ ಅಂತಲೂ ಹೆಸರಿದೆ. ನನ್ನ ಅಮ್ಮ ಅದನ್ನು ಕಂಡವಳೇ ನಕ್ಕಳು: "ಇದ್ದ ಒಬ್ಬ ಅತ್ತೆ ತೀರಿಕೊಂಡಳು ಅಂತ ನೆಮ್ಮದಿಯಾಗಿದ್ದೆಯಲ್ಲೇ. ನೋಡು, ನಿನ್ನ ಗಂಡ ಐದು ನಾಲಿಗೆ ಹುಡುಕಿ ತಂದಿದಾನೆ."

ಚಿಕ್ಕಮ್ಮ ಅಂದರೆ ರಕ್ತಸಂಬಂಧವಲ್ಲ. ಅವಳ ಮಗಳು ಕೌಸರ್, ನಾನು ಹಿಕ್ಮತ್, ಇಬ್ಬರೂ ಒಂದೇ ವಯಸ್ಸಿನವರು. ಯಾರ ಮನೆಯಲ್ಲಿ ಉಣ್ಣುತ್ತೇವೆ, ಯಾರ ಮನೆಯಲ್ಲಿ ಪೆಟ್ಟು ತಿನ್ನುತ್ತೇವೆ ಅನ್ನುವ ಲೆಕ್ಕವಿರಲಿಲ್ಲ. ಚಿಕ್ಕಮ್ಮ ಚಿಪ್ಪಿನ ಮೀನು ತೊಳೆದು ಉಪ್ಪು ನಿಂಬೆರಸದಲ್ಲಿ ಹಾಕಿ ಮಾರುತ್ತಿದ್ದಳು. ಅವಳ ಕೈಗೆ ಗಿಡ ನೋಡುವ ಪುರುಸೊತ್ತಿರಲಿಲ್ಲ. ನೋಡಿಕೊಂಡವಳು ಕೌಸರ್. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯ ಧೂಳು ಒರೆಸುವಳು, ಅತಿ ಎತ್ತರದ ಎಲೆಯ ಪಕ್ಕ ನಿಂತು "ನಾನಾ ಇದಾ?" ಎಂದು ಕೇಳುವಳು. ಆಗಿನ್ನೂ ಅವಳೇ ಎತ್ತರ ಇದ್ದಳು.

ಅರವತ್ತೇಳರ ಯುದ್ಧದಲ್ಲಿ ಕಾಲುವೆ ಮುಚ್ಚಿತು. ಹಡಗು ಬರುವುದು ನಿಂತಿತು. ಮತ್ವಲ್ಲಿ ಚಿಕ್ಕಪ್ಪನ ದೋಣಿ ಮರಳ ಮೇಲೆ ಬೋರಲು ಬಿದ್ದಿತ್ತು, ಅದರ ನೆರಳಲ್ಲಿ ನಾಯಿಗಳು ಮಲಗುತ್ತಿದ್ದವು. ಆಚೆ ದಡದಿಂದ ಗುಂಡು ಬೀಳುವುದು ಹೆಚ್ಚಾಗಿ, ಎರಡು ವರ್ಷದ ಮೇಲೆ ಊರು ಖಾಲಿ ಮಾಡಬೇಕೆಂದು ಹೇಳಿದರು. ಲಾರಿ ಬಂತು. ಹಾಸಿಗೆ, ಸ್ಟವ್, ಪಾತ್ರೆ, ಅಕ್ಕಿ ಇಷ್ಟಕ್ಕೇ ಜಾಗ. ನಾನು ಆಗಲೇ ಲಾರಿ ಹತ್ತಿ ಗಂಟಿನ ಮೇಲೆ ಕೂತಿದ್ದೆ. ಕೌಸರ್ ಡಬ್ಬಿಯನ್ನು ತಬ್ಬಿಕೊಂಡು ಮೆಟ್ಟಿಲಿಳಿದು ಬಂದಳು.

"ಅಮ್ಮಾ, ಇದನ್ನ ನನ್ನ ತೊಡೆ ಮೇಲೇ ಇಟ್ಕೋತೀನಿ."

"ನಿನ್ನ ತೊಡೆ ಮೇಲೆ ಅಕ್ಕಿ ಡಬ್ಬ ಇಡ್ಬೇಕು. ಹೋಗು, ಇಟ್ಟು ಬಾ ಅದನ್ನ."

"ನೀರು ಯಾರು ಹಾಕ್ತಾರೆ?"

"ಅದಕ್ಕೆ ನೀರೂ ಬೇಡ, ನಾವೂ ಬೇಡ. ಅದು ಸಾಯೋ ಜಾತಿ ಅಲ್ಲ ಕಣೇ. ಹತ್ತು ಬೇಗ!"

ಕೌಸರ್ ಮೇಲೆ ಹೋಗಿ ಇಟ್ಟು ಬಂದಳು. ಲಾರಿ ತಿರುಗುವ ತನಕ ಬಾಲ್ಕನಿಯನ್ನೇ ನೋಡುತ್ತಿದ್ದಳು. ಅಳಲಿಲ್ಲ; ಅಕ್ಕಿ ಡಬ್ಬದ ಮೇಲೆ ಗದ್ದ ಊರಿ ಸಿಟ್ಟು ಮಾಡಿಕೊಂಡು ಕೂತಳು.

ನೈಲ್ ಬಯಲಿನ ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮನ್ನು ಇಳಿಸಿದರು. ಒಂದು ತರಗತಿ ಕೋಣೆ, ನಡುವೆ ಕಂಬಳಿ ಕಟ್ಟಿ ಈ ಕಡೆ ನಾವು, ಆ ಕಡೆ ಅವರು. ಕರಿಹಲಗೆ ಅವರ ಪಾಲಿಗೆ ಬಂದಿತ್ತು, ಕಿಟಕಿ ನಮ್ಮ ಪಾಲಿಗೆ. ಹಳ್ಳಿಯವರು ಕೆಟ್ಟವರಲ್ಲ, ಆದರೆ ಅವರಿಗೇ ಸಾಲದ ರೊಟ್ಟಿಗೆ ನಾವು ಸಾಲು ನಿಂತಿದ್ದೆವು. ದವ್ಲತ್ ಎಂಬ ಗಟ್ಟಿ ಗಂಟಲಿನ ಹೆಂಗಸು ದಿನಾ ಅನ್ನುತ್ತಿದ್ದಳು: "ದಾರಿ ಬಿಡ್ರೇ, ಪೋರ್ಟ್ ಸಯೀದಿನ ರಾಣಿಯರು ಬಂದ್ರು!"

ಒಂದು ದಿನ ಚಿಕ್ಕಮ್ಮ ತಿರುಗಿ ನಿಂತಳು. "ರಾಣಿಯರೇ ಕಣಮ್ಮ. ಸಿಂಹಾಸನಕ್ಕೆ ಬಾಂಬ್ ಬಿತ್ತು, ಅದಕ್ಕೇ ನಿನ್ನ ಹಿಂದೆ ಬಂದು ನಿಂತಿದೀನಿ. ಬೇಗ ರೊಟ್ಟಿ ತಗೊಂಡು ನಡಿ, ನಿನ್ನ ಬೆನ್ನು ನೋಡಿ ನೋಡಿ ಸಾಕಾಯ್ತು."

ದವ್ಲತ್ ಮೊದಲು ಬಾಯಿ ಬಿಟ್ಟಳು, ಆಮೇಲೆ ನಕ್ಕಳು. ಅಂದಿನಿಂದ ಚಿಕ್ಕಮ್ಮನಿಗೆ ಜಾಗ ಹಿಡಿದಿಡುತ್ತಿದ್ದಳು.

ಮೂರನೆಯ ಚಳಿಗಾಲದಲ್ಲಿ ಕೌಸರ್‌ಗೆ ಜ್ವರ ಬಂತು. ಇಳಿದಂತೆ ಮಾಡಿ ಮತ್ತೆ ಏರಿತು. ಮಳೆ ಬಂದು ದಾರಿ ಕೆಸರಾಗಿ ಗಾಡಿ ಯಾವುದೂ ಓಡುತ್ತಿರಲಿಲ್ಲ. ಚಿಕ್ಕಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು ಪಟ್ಟಣದ ಆಸ್ಪತ್ರೆಗೆ ನಡೆದ. ಮಾರನೆಯ ದಿನ ಅವನು ಬಂದಾಗ ಅವನ ಜೊತೆ ನಾಲ್ಕು ಜನ ಗಂಡಸರಿದ್ದರು. ನಮ್ಮವರೆಂದು ಯಾರೂ ಇಲ್ಲದ ಮಣ್ಣು, ಎಲ್ಲಿ ಮಲಗಿಸುವುದು? ಆಗ ದವ್ಲತ್ ತಲೆ ಮೇಲೆ ಕರಿ ಮುಸುಕು ಎಳೆದುಕೊಂಡು ಬಂದು ನಮ್ಮ ಕಂಬಳಿ ಸರಿಸಿ ನಿಂತಳು. "ನಮ್ಮ ಮನೆತನದ ಜಾಗದಲ್ಲಿ, ನಮ್ಮ ಮಾವನ ಪಕ್ಕ ಜಾಗ ಇದೆ. ಮಗು ಒಂಟಿಯಾಗಿರೋದು ಬೇಡ," ಅಂದಳು.

ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ. ಚಿಕ್ಕಮ್ಮ ಕರಿಹಲಗೆಗೆ ಬೆನ್ನು ಕೊಟ್ಟು ಕೂತಿದ್ದಳು. ಆಮೇಲೆ ಹೋಗಬಹುದಿತ್ತು, ದವ್ಲತ್ ಎಷ್ಟೋ ಸಲ ಕರೆದಳು. ಅವಳು ಹೋಗಲಿಲ್ಲ. ನಮ್ಮಲ್ಲಿ ತಾಯಂದಿರನ್ನು ಮೊದಲ ಮಗುವಿನ ಹೆಸರಿನಿಂದ ಕರೆಯುತ್ತಾರೆ, ಉಮ್ ಕೌಸರ್ ಅಂತ. ಈಗ ಹಾಗೆ ಕರೆಯಲು ಎಲ್ಲರೂ ಹೆದರಿ "ಇನ್ಶಿರಾ" ಅನ್ನತೊಡಗಿದರು. ಒಂದು ದಿನ ನೀರಿನ ಕೊಳಾಯಿಯ ಹತ್ತಿರ ಅವಳು ನನ್ನ ಅಮ್ಮನಿಗೆ ಜೋರಾಗಿಯೇ ಹೇಳಿದಳು: "ನನ್ನ ಹೆಸರು ಮರೆತು ಹೋಯ್ತಾ ನಿಮಗೆಲ್ಲ? ಉಮ್ ಕೌಸರ್ ನಾನು."

ಎಪ್ಪತ್ತನಾಲ್ಕರಲ್ಲಿ ಊರಿಗೆ ಮರಳಿದೆವು. ನನಗೆ ಹದಿನಾಲ್ಕು. ಬೀದಿಯಲ್ಲಿ ಅರ್ಧ ಮನೆಗಳಿರಲಿಲ್ಲ. ನಮ್ಮದು ನಿಂತಿತ್ತು, ಆದರೆ ಮೇಲಿನ ಬಾಲ್ಕನಿಯ ಮಾಡು ಹಾರಿಹೋಗಿತ್ತು. ಆ ಐದು ವರ್ಷ ಬಿಸಿಲು, ಚಳಿಗಾಲದ ಒಂದೆರಡು ಮಳೆ, ಸಮುದ್ರದ ಇಬ್ಬನಿ, ಎಲ್ಲ ನೇರ ಒಳಗೆ ಬಿದ್ದಿದ್ದವು. ತುಪ್ಪದ ಡಬ್ಬಿ ತುಕ್ಕು ಹಿಡಿದು ಪುಡಿಯಾಗಿತ್ತು. ಆದರೆ ಗಿಡ ಸತ್ತಿರಲಿಲ್ಲ. ಬೇರುಗಳು ಡಬ್ಬಿ ಸೀಳಿ ಕೊಳೆತ ಹಲಗೆಗಳ ಸಂದಿಗೆ ಇಳಿದಿದ್ದವು. ಎಲೆಗಳು ಬಿಸಿಲಿಗೆ ಬಿಳಿಚಿ, ಒಂದನ್ನೊಂದು ನೂಕುತ್ತ ಗುಂಪಾಗಿ ನಿಂತಿದ್ದವು. ನಡುವೆ ಒಂದು ದಂಟು. ದಂಟಿನ ತುಂಬ ಎಳೆಎಳೆಯಾಗಿ ಹಿಂದಕ್ಕೆ ಸುರುಳಿಗೊಂಡ ಬೆಳ್ಳಗಿನ ಹೂಗಳು, ಪ್ರತಿ ಹೂವಿನ ಬುಡದಲ್ಲಿ ಅಂಟಾದ ಜೇನಿನ ಹನಿ. ಅದು ಸಂಜೆ ಅರಳುವ ಹೂವು. ಗಂಟು ಬಿಚ್ಚುತ್ತಿದ್ದ ನಮಗೆಲ್ಲ ಕೆಳಗಿನವರೆಗೂ ಅದರ ವಾಸನೆ ಬಂತು.

"ಇನ್ಶಿರಾ, ಬಾ ಇಲ್ಲಿ. ನೋಡು," ಎಂದು ಚಿಕ್ಕಪ್ಪ ಕೂಗಿದ್ದು ಕೇಳಿಸಿತು.

ನಾನು ಬೀದಿಯಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಚಿಕ್ಕಮ್ಮ ಬಾಲ್ಕನಿಗೆ ಬಂದಳು.

"ಯಾರಿಗೋಸ್ಕರ ಬಿಟ್ಟಿದೀಯ?" ಅಂದಳು ಗಿಡಕ್ಕೆ. "ಹೇಳು, ಯಾರಿಗೋಸ್ಕರ?"

ಮರುಕ್ಷಣ ದಂಟನ್ನು ಬುಡದಿಂದ ಮುರಿದು ಬೀದಿಗೆ ಎಸೆದಳು. ಅದು ನನ್ನ ಕಾಲ ಬಳಿ ಬಿತ್ತು. ಎತ್ತಿಕೊಂಡೆ, ಬೆರಳೆಲ್ಲ ಅಂಟಾಯಿತು. ಅಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು: "ಒಳಗೆ ತಗೊಂಡು ಹೋಗು. ಅವಳ ಕಣ್ಣಿಗೆ ಬೀಳಬಾರದು."

ಬೆಳಿಗ್ಗೆ ನೋಡಿದರೆ ಚಿಕ್ಕಮ್ಮ ಮೊಣಕಾಲೂರಿ, ಚಾಕುವಿನಿಂದ ಹಲಗೆ ಸಂದಿಯ ಬೇರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ಮಧ್ಯಾಹ್ನದೊಳಗೆ ಗಿಡ ನಾಲ್ಕು ಹೊಸ ಡಬ್ಬಿಗಳಲ್ಲಿ ಕೂತಿತ್ತು. ಅಂದಿನಿಂದ ಅವಳಿಗೆ ಒಂದೇ ಹಟ: ಅದು ಇನ್ನೊಂದು ಸಲ ಹೂ ಬಿಡಬೇಕು.

ಮೀನು ತೊಳೆದ ನೀರು ಹಾಕಿದಳು, ಚಹಾ ಚರಟ ಹಾಕಿದಳು, ಮೊಟ್ಟೆಯ ಓಡು ಪುಡಿ ಮಾಡಿ ಹಾಕಿದಳು. ಬಿಸಿಲಿಗೆ ಬಾಡಬಾರದೆಂದು ಹಳೆ ಬೆಡ್‌ಶೀಟು ಕಟ್ಟಿ ನೆರಳು ಮಾಡಿದಳು. ಬೇರಿಗೆ ಇಕ್ಕಟ್ಟಾಗಬಾರದೆಂದು ವರ್ಷಕ್ಕೊಂದು ಸಲ ದೊಡ್ಡ ಡಬ್ಬಿಗೆ ಬದಲಿಸಿದಳು. ಎಲೆಗಳು ಮಿರಿಮಿರಿ ಮಿಂಚಿದವು, ಮರಿಗಳ ಮೇಲೆ ಮರಿ ಬಂದವು, ನೀರು ಹೆಚ್ಚಾಗಿ ಕೆಲವು ಬುಡದಲ್ಲೇ ಕೊಳೆತವು. ಹೂ ಮಾತ್ರ ಇಲ್ಲ. ಅವತ್ತು ದಂಟು ಬಂದಿದ್ದ ಬುಡವನ್ನು ಪ್ರತ್ಯೇಕ ಇಟ್ಟು ಅದರ ಮೇಲೇ ಕಣ್ಣಿಟ್ಟಿದ್ದಳು. ಒಮ್ಮೆ ಹೂ ಬಿಟ್ಟ ಬುಡ ಮತ್ತೆ ಹೂ ಬಿಡುವುದಿಲ್ಲ, ಪಕ್ಕದಲ್ಲಿ ಮರಿ ಹಾಕಿ ತಾನು ಹಾಗೇ ನಿಂತುಬಿಡುತ್ತದೆ ಎನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಕಾಲುವೆ ತೆರೆದಿತ್ತು, ಚಿಕ್ಕಪ್ಪ ಮತ್ತೆ ದೋಣಿಗೆ ಬಣ್ಣ ಬಳಿದಿದ್ದ. ಒಂದು ಸಂಜೆ ಮನೆಗೆ ಬಂದವನು ಅವಳು ನೀರು ಹೊಯ್ಯುವುದನ್ನು ನೋಡುತ್ತ ನಿಂತು ಹೇಳಿದ: "ಬಿಸಿಲಿಗೆ ಬಿಡೇ ಅದನ್ನ. ನೀರು ಹಾಕ್ಬೇಡ, ಡಬ್ಬಿ ಬದಲಾಯಿಸ್ಬೇಡ. ಅವತ್ತು ಯಾರೂ ನೋಡ್ಕೊಳ್ದೆ ಇದ್ದಿದ್ದಕ್ಕೇ ತಾನೆ ಹೂ ಬಿಟ್ಟಿದ್ದು?"

"ಅಂದ್ರೆ ಮತ್ತೆ ಬಿಟ್ಟು ಹೋಗು ಅಂತೀಯಾ?" ಅಂದಳು ಚಿಕ್ಕಮ್ಮ.

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಆ ಮಾತು ಮತ್ತೆ ಎತ್ತಲಿಲ್ಲ.

ಪ್ರತಿ ಈದ್‌ಗೆ ಅವನು ಖರ್ಜೂರ, ಸಿಹಿ ರೊಟ್ಟಿ ಕಟ್ಟಿಸಿಕೊಂಡು ಆ ಹಳ್ಳಿಗೆ ಹೋಗಿ ಬರುತ್ತಿದ್ದ. ಅವಳು ಕಟ್ಟಿಕೊಡುತ್ತಿದ್ದಳು, ತಾನು ಹೋಗುತ್ತಿರಲಿಲ್ಲ. "ಮಗು ಅಲ್ಲಿದೆ ಇನ್ಶಿರಾ, ಈ ಡಬ್ಬಿಗಳಲ್ಲಿಲ್ಲ," ಎಂದು ಅವನು ಒಮ್ಮೆ ಬಾಗಿಲಲ್ಲಿ ನಿಂತು ಹೇಳಿದ್ದು ನಮ್ಮ ಮನೆಗೆ ಕೇಳಿಸಿತ್ತು.

ನನ್ನನ್ನು ಕಂಡರೆ ಅವಳಿಗೆ ಕಷ್ಟ. ನಾನು ಬೆಳೆಯುತ್ತಿದ್ದೆನಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತ ದಾಟುತ್ತಿದ್ದಳು. ಒಮ್ಮೆ ಮಾತ್ರ ನನ್ನ ಕೈಹಿಡಿದು ನಿಲ್ಲಿಸಿ, ಅಡಿಯಿಂದ ಮುಡಿವರೆಗೆ ನೋಡಿ, "ಇಷ್ಟಾಗಿದೀಯಾ?" ಅಂದಳು, ಕೈಬಿಟ್ಟಳು. ನನ್ನ ಮದುವೆಗೂ ಬರಲಿಲ್ಲ. ಚಿಕ್ಕಪ್ಪ ಒಬ್ಬನೇ ಬಂದ, ಎಲ್ಲಕ್ಕಿಂತ ಎತ್ತರದ ಗಿಡಕ್ಕೆ ಕೆಂಪು ರಿಬ್ಬನ್ ಕಟ್ಟಿ ಹೊತ್ತುಕೊಂಡು.

"ಚಿಕ್ಕಮ್ಮ ಬರಲ್ವಾ?" ಅಂದೆ.

"ಇಲ್ಲ ಮಗಳೇ. ಮದುಮಗಳ ಉಡುಪಲ್ಲಿ ನಿನ್ನನ್ನ ನೋಡಿದ್ರೆ ಅವಳು ತಡ್ಕೊಳ್ಳಲ್ಲ." ಗಿಡದ ರಿಬ್ಬನ್ ಸರಿಮಾಡುತ್ತ ಅಂದ, "ನಾನೂ ತಡ್ಕೊಳ್ಳಲ್ಲ. ಆದ್ರೆ ಮೀನಿನ ಅನ್ನದ ವಾಸನೆ ಚೆನ್ನಾಗಿ ಬರ್ತಿತ್ತು, ಅದಕ್ಕೇ ಬಂದೆ."

ವರ್ಷಗಳು ಹೋದವು. ಹಡಗುಗಳು ದೊಡ್ಡವಾದವು, ಕಟ್ಟಡದಷ್ಟು ಎತ್ತರ. ಬುಟ್ಟಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ, ಅವು ನಿಲ್ಲುತ್ತಲೂ ಇರಲಿಲ್ಲ. ಚಿಕ್ಕಪ್ಪನ ಶ್ವಾಸಕೋಶ ಕೆಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಕೊನೆಗೆ ಹಾಸಿಗೆ ಹಿಡಿದ. ಆಗ ನನ್ನ ಅಮ್ಮನಿಗೂ ವಯಸ್ಸಾಗಿ, ನಾನು ಗಂಡ ಮಕ್ಕಳ ಜೊತೆ ಕೆಳಗಿನ ಮನೆಗೇ ಬಂದಿದ್ದೆ. ಒಂದು ಇಡೀ ವರ್ಷ ಚಿಕ್ಕಮ್ಮ ಅವನನ್ನು ಮಗುವಿನ ಹಾಗೆ ತೊಳೆದಳು, ಉಣಿಸಿದಳು, ಉಸಿರು ಸಿಗಲೆಂದು ದಿಂಬಿಟ್ಟು ಕೂರಿಸಿದಳು. ಬಾಲ್ಕನಿಯ ಬೆಡ್‌ಶೀಟನ್ನು ಬಿಚ್ಚಿ ಅವನ ಹಾಸಿಗೆಗೆ ತುಂಡು ಮಾಡಿದಳು. ಡಬ್ಬಿಗಳ ಮಣ್ಣು ಬಿರುಕು ಬಿಟ್ಟಿತ್ತು.

"ನಾನು ನೀರು ಹಾಕ್ಲಾ ಚಿಕ್ಕಮ್ಮ?"

"ಹಾಳಾಗಿ ಹೋಗ್ಲಿ ಬಿಡು. ಅವನ ಗಂಜಿ ತಣ್ಣಗಾಗ್ತಿದೆ, ಅದನ್ನ ತಾ."

ಬೇಸಿಗೆಯ ಒಂದು ಸಂಜೆ ನಾನು ಬೇಳೆ ಸಾರು ತೆಗೆದುಕೊಂಡು ಮೇಲೆ ಹೋದೆ. ಚಿಕ್ಕಪ್ಪ ಮೂಗು ಎತ್ತಿ ಗಾಳಿ ಎಳೆಯುತ್ತಿದ್ದ.

"ಯಾರು ಅತ್ತರು ಹಚ್ಕೊಂಡಿರೋದು? ನೀನಾ ಹಿಕ್ಮತ್?"

"ನಾನು ಹಚ್ಕೊಂಡಿರೋದು ಈರುಳ್ಳಿ ಚಿಕ್ಕಪ್ಪ."

ಆಗ ನನಗೂ ಬಂತು, ಆ ವಾಸನೆ. ಚಿಕ್ಕಮ್ಮ ಕೈಯಲ್ಲಿದ್ದ ಚಮಚ ಕೆಳಗಿಟ್ಟು ಬಾಲ್ಕನಿಗೆ ಹೋದಳು. ಹಿಂದೆಯೇ ನಾನೂ ಹೋದೆ. ಮೂರು ಡಬ್ಬಿಗಳಲ್ಲಿ ದಂಟು ಎದ್ದಿತ್ತು, ಮೂರರಲ್ಲೂ ಹೂ. ಅವಳ ಕೈ ಮುಂದೆ ಹೋಯಿತು. ಅವಳು ದಂಟನ್ನು ಮುಟ್ಟಲಿಲ್ಲ, ಡಬ್ಬಿಯ ಅಂಚು ಹಿಡಿದಳು. "ಆ ಕಡೆ ಹಿಡ್ಕೋ," ಅಂದಳು. ಇಬ್ಬರೂ ಅದನ್ನು ಎಳೆದು ಅವನ ಮಂಚದ ಪಕ್ಕ ತಂದಿಟ್ಟೆವು.

ಚಿಕ್ಕಪ್ಪ ಒಂದು ಜೇನಹನಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟ. "ಸಿಹಿ ಇದೆ."

"ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋಬೇಡ. ವಿಷಾನೋ ಏನೋ."

"ವಿಷ ಆದ್ರೆ ಏನೀಗ, ಹೊಸದಾಗಿ ಸಾಯ್ತೀನಾ?"

ಚಿಕ್ಕಮ್ಮ ನಕ್ಕಳು. ಅವಳು ನಕ್ಕದ್ದು ನೋಡಿ ಅವನಿಗೂ ನಗು ಬಂದು ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಅವನ ಬೆನ್ನು ಸವರುತ್ತಿದ್ದಳು. ಆಮೇಲೆ, ನಾನು ಇದ್ದೇನೆ ಅನ್ನುವುದು ಮರೆತವಳ ಹಾಗೆ ಕೇಳಿದಳು:

"ಅವತ್ತು ನಿನ್ನ ಬೆನ್ನ ಮೇಲಿದ್ದಾಗ ಅವಳು ಏನಾದ್ರೂ ಮಾತಾಡಿದಳಾ?"

ಚಿಕ್ಕಪ್ಪ ಹೂವನ್ನೇ ನೋಡುತ್ತಿದ್ದ. "ಚಪ್ಪಲಿ ಬಿದ್ದುಹೋಯ್ತು ಅಪ್ಪ, ಅಂದಳು. ಹಿಂದೆ ಹೋಗಿ ತರೋಣ ಅಂದಳು. ಆಮೇಲೆ ತರೋಣ ಮಗಾ ಅಂದೆ."

"ತಂದೆಯಾ?"

"ಮಾರನೇ ದಿನ ಬರ್ತಾ ಹುಡುಕಿದೆ. ಎಲ್ಲಾ ಕೆಸರು. ಸಿಗ್ಲಿಲ್ಲ."

"ನೀಲಿ ಪಟ್ಟಿಯದಾ?"

"ಹೂಂ. ನೀಲಿ ಪಟ್ಟಿಯದು."

ನಾನು ಸಾರಿನ ಪಾತ್ರೆ ಅಲ್ಲೇ ಬಿಟ್ಟು ಕೆಳಗೆ ಬಂದೆ. ಅವರ ಮಾತು ಬಹಳ ಹೊತ್ತು ಕೇಳಿಸುತ್ತಿತ್ತು. ಏನು ಮಾತು ಎಂದು ತಿಳಿಯಲಿಲ್ಲ, ತಿಳಿಯಬೇಕೆಂದು ನಾನು ಕಿವಿಗೊಡಲೂ ಇಲ್ಲ. ಅಷ್ಟು ವರ್ಷ ಆ ಮನೆಯಲ್ಲಿ ಕೌಸರ್ ಮಾತು ಎದ್ದರೆ ಅದು ಜಗಳವಾಗಿಯೇ ಮುಗಿಯುತ್ತಿತ್ತು. ಆ ಸಂಜೆ ದನಿ ಏರಲಿಲ್ಲ.

ಹೂ ಉದುರಿದ ಮೇಲೂ ಅವನು ಸ್ವಲ್ಪ ಕಾಲ ಇದ್ದ. ಚಳಿ ಶುರುವಾಗುವಾಗ ಹೋದ.

ಮುಂದಿನ ಈದ್ ಹತ್ತಿರ ಬಂದಾಗ ಚಿಕ್ಕಮ್ಮ ಖರ್ಜೂರ, ಸಿಹಿ ರೊಟ್ಟಿ ಕಟ್ಟಿ ಮುಗಿಸಿ ನನ್ನ ಬಾಗಿಲಿಗೆ ಬಂದಳು. "ಪ್ರತಿ ಸಲ ಅವನು ಹೋಗ್ತಿದ್ದ. ಈಗ ಯಾರು ಹೋಗ್ತಾರೆ? ನನ್ನನ್ನ ಕರ್ಕೊಂಡು ಹೋಗು." ಇನ್ನೊಂದು ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಬುಡವಿತ್ತು.

ದವ್ಲತ್ ಇನ್ನೂ ಇದ್ದಳು. ಕಣ್ಣು ಮಂಜಾಗಿತ್ತು, ಗಂಟಲು ಹಾಗೇ ಇತ್ತು. ಚಿಕ್ಕಮ್ಮನ ಮುಖವನ್ನು ಎರಡೂ ಕೈಯಲ್ಲಿ ತಡವಿ ನೋಡಿ, "ರಾಣಿ ಬಂದ್ಲು!" ಎಂದು ಅತ್ತಳು. ಅವಳ ಮಗ ಅವಳನ್ನೂ ನಮ್ಮನ್ನೂ ಗೋರಿಗಳಿದ್ದ ಕಡೆ ಕರೆದೊಯ್ದ. ಅವಳ ಮಾವನ ಗೋರಿಯ ಪಕ್ಕದಲ್ಲಿ ಮಣ್ಣಿನ ಪುಟ್ಟ ದಿಬ್ಬಗಳು ಮೂರು ಇದ್ದವು. ಹೆಸರಿಲ್ಲ, ಕಲ್ಲಿಲ್ಲ.

"ಯಾವುದು?" ಅಂದಳು ಚಿಕ್ಕಮ್ಮ.

ಅವನು ತಾಯಿಯ ಮುಖ ನೋಡಿದ. ದವ್ಲತ್ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಆ ವರ್ಷಗಳಲ್ಲಿ ವಲಸೆ ಬಂದವರ ಇನ್ನೆರಡು ಮಕ್ಕಳೂ ತೀರಿಹೋಗಿದ್ದವು, ಅವಳು ಅವಕ್ಕೂ ಜಾಗ ಕೊಟ್ಟಿದ್ದಳು. ಆಮೇಲೆ ನೀರು ನುಗ್ಗಿ ನೆಲ ಕುಸಿದು, ಮಣ್ಣು ತುಂಬಿಸಿ ಎತ್ತರಿಸಿದ್ದರು. "ನಿನ್ನ ಗಂಡನಿಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ ಕಣೇ," ಅಂದಳು.

"ಅವರು ಮೂರೂ ಕಡೆ ಕೂರ್ತಿದ್ರು ಅಮ್ಮ," ಎಂದ ಮಗ. "ಇಲ್ಲಿ ಸ್ವಲ್ಪ ಹೊತ್ತು, ಅಲ್ಲಿ ಸ್ವಲ್ಪ ಹೊತ್ತು. ಖರ್ಜೂರಾನೂ ಮೂರು ಪಾಲು ಮಾಡ್ತಿದ್ರು."

ಚಿಕ್ಕಮ್ಮ ನೆಲದ ಮೇಲೆ ಕೂತು ಗೋಣಿ ಬಿಚ್ಚಿದಳು. "ಚಾಕು ಇದೆಯಾ?" ಎಂದು ದವ್ಲತ್‌ಳ ಮಗನನ್ನು ಕೇಳಿದಳು. ಅವನು ಜೇಬಿನಿಂದ ತೆಗೆದುಕೊಟ್ಟ. ಬುಡವನ್ನು ಬೇರು ಸಮೇತ ಮೂರು ಭಾಗ ಮಾಡಿದಳು, ಒಂದೊಂದು ದಿಬ್ಬದ ತಲೆಯ ಕಡೆ ಒಂದೊಂದು ನೆಟ್ಟಳು. ಮಣ್ಣನ್ನು ಅಂಗೈಯಲ್ಲಿ ಒತ್ತಿ ಒತ್ತಿ ಗಟ್ಟಿ ಮಾಡಿದಳು. ದವ್ಲತ್‌ಳ ಮಗ ತಂಬಿಗೆಯಲ್ಲಿ ನೀರು ತಂದ.

"ಸ್ವಲ್ಪ ಸಾಕು," ಅಂದಳು ಅವನಿಗೆ. "ಈ ಗಿಡಕ್ಕೆ ಹೆಚ್ಚು ಆಗಲ್ಲ."

ಆಮೇಲೆ ಮೂರು ದಿಬ್ಬಗಳ ನಡುವೆ ಅವಳು ಅತ್ತಳು. ಹಳ್ಳಿ ಬಿಟ್ಟು ಬಂದ ಮೇಲೆ ಅವಳು ಹಾಗೆ ಬಾಯಿಬಿಟ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ದವ್ಲತ್ ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ಕೂತು ತಾನೂ ಅತ್ತಳು. ಬಿಸಿಲು ಏರಿದ ಮೇಲೆ ಎದ್ದು ಮನೆಗೆ ಕರೆದೊಯ್ದು ಬಾತುಕೋಳಿ, ಅನ್ನ ಬಡಿಸಿದಳು. ಚಿಕ್ಕಪ್ಪ ಹೋದ ಮೇಲೆ ತುತ್ತೆಣಿಸುತ್ತಿದ್ದ ಚಿಕ್ಕಮ್ಮ ಅವತ್ತು ಎರಡು ಸಲ ಹಾಕಿಸಿಕೊಂಡಳು.

ಅವಳು ಇನ್ನೂ ಕೆಲವು ಈದ್‌ಗಳಿಗೆ ಹೋಗಿ ಬಂದಳು. ಬಾಲ್ಕನಿಯ ಗಿಡಗಳನ್ನು ಬೀದಿಯವರಿಗೆಲ್ಲ ಹಂಚಿದಳು. "ಬಿಸಿಲಲ್ಲಿಡಿ, ಮರೆತುಬಿಡಿ," ಎಂದು ಎಲ್ಲರಿಗೂ ಹೇಳುವಳು. ಆದರೆ ಅವರ ಮನೆಗೆ ಹೋದಾಗ ಚೊಂಬಿನಲ್ಲಿ ಉಳಿದ ನೀರನ್ನು ಯಾರೂ ನೋಡದಾಗ ಡಬ್ಬಿಗೆ ಸುರಿದು ಬರುವಳು. ಮೊಣಕಾಲು ಕೈಕೊಟ್ಟ ಮೇಲೆ ಖರ್ಜೂರ ಕಟ್ಟಿ ನನ್ನನ್ನು ಕಳಿಸುತ್ತಿದ್ದಳು. ಕೊನೆಯ ಬೇನೆಯಲ್ಲಿ ಹೆಚ್ಚು ದಿನ ನರಳಲಿಲ್ಲ. ಅವಳನ್ನು ಪೋರ್ಟ್ ಸಯೀದಿನಲ್ಲೇ, ಚಿಕ್ಕಪ್ಪನ ಪಕ್ಕ ಮಲಗಿಸಿದೆವು. ಮಗಳು ಇರುವುದು ಬಸ್ಸಿನಲ್ಲಿ ಅರ್ಧ ದಿನದ ದೂರದಲ್ಲಿ.

ಈಗಲೂ ನಾನು ಹೋಗುತ್ತೇನೆ. ನೆಟ್ಟ ಮೂರರಲ್ಲಿ ಎರಡು ಹಿಡಿದುಕೊಂಡಿವೆ, ಮೊಣಕಾಲೆತ್ತರ ಬಂದಿವೆ. ಒಂದನ್ನು ಮೊದಲ ವರ್ಷವೇ ಯಾರದೋ ಮೇಕೆ ಕಿತ್ತು ಹಾಕಿತು. ಅದು ಯಾರ ತಲೆಯ ಕಡೆಯದು ಎಂದು ಹೇಳುವವರಿಲ್ಲ. ದವ್ಲತ್‌ಳ ಮಗ ಉಳಿದೆರಡಕ್ಕೂ ಮುಳ್ಳಿನ ಬೇಲಿ ಕಟ್ಟಿದ್ದಾನೆ.